ನೌನ್ ಕ್ಲಾಝ್ ಬಾರದ ಮೇಷ್ಟ್ರು

ಪಾಠ ಬಾರದ ಮೇಷ್ಟ್ರ ಮಾನ ಹೋಗಲು ವಿಶೇಷ ದಿನವೇನೂ ಬೇಕಿಲ್ಲ, ಟೈಮ್‌ಟೇಬಲ್ ಇದ್ದರೆ ಸಾಕು. ಐವತ್ತರ ದಶಕದ ಕೊನೆಯಲ್ಲಿ ಯಲಹಂಕದ ಹೈಸ್ಕೂಲೊಂದರಲ್ಲಿ ನಾನು ಚರಿತ್ರೆ ಹೇಳುತ್ತಿದ್ದೆ. ಇಂಗ್ಲಿಷ್ ಮೇಷ್ಟ್ರು ನಿವೃತ್ತರಾದರು. “ಬಿ.ಎ. ಮಾಡಿದ್ದೀರಲ್ರೀ, ಇಂಗ್ಲಿಷೂ ತಗೊಳ್ಳಿ” ಎಂದರು ಹೆಡ್ಮಾಸ್ಟರು. ಉಳಿದದ್ದೆಲ್ಲ ಹೇಗೋ ನಡೆಯಿತು. ದೊಡ್ಡ ವಾಕ್ಯದೊಳಗೆ ಕೂತು ನಾಮಪದದ ಕೆಲಸ ಮಾಡುವ ಪುಟ್ಟ ವಾಕ್ಯ, ಅದೇ ನೌನ್ ಕ್ಲಾಝ್, ಮಾತ್ರ ತಲೆಗೆ ಹತ್ತಲಿಲ್ಲ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಬಾಯಿ ಬಿಡುವಂತಿರಲಿಲ್ಲ.

೧. ಸೊಪ್ಪಿನ ಕಟ್ಟು

ಪುಸ್ತಕದೊಳಗೆ ಗೈಡ್ ಬಚ್ಚಿಟ್ಟುಕೊಂಡು, ಅದರಲ್ಲಿದ್ದದ್ದನ್ನೇ ಬೋರ್ಡಿಗೆ ಇಳಿಸುತ್ತಿದ್ದೆ. ಯಾರಾದರೂ ಪ್ರಶ್ನೆ ಕೇಳಿದರೆ, “ಯೋಚ್ನೆ ಮಾಡ್ರೋ, ಎಲ್ಲಾ ನಾನೇ ಹೇಳ್ಬೇಕಾ?” ಎಂದು ಗದರುತ್ತಿದ್ದೆ.

ಒಂದು ದಿನ ಅಮೃತಹಳ್ಳಿಯ ರೈತರೊಬ್ಬರು ದಂಟಿನ ಸೊಪ್ಪು ಹಿಡಿದು ಬಂದರು. “ಬ್ಯಾರೆ ಮೇಷ್ಟ್ರೆಲ್ಲಾ ಅವ್ರೇ ಯೋಳ್ಬುಡ್ತಾರಂತೆ ಸ್ವಾಮಿ. ನೀವ್ ಮಾತ್ರ ಮಕ್ಕಳ್ ಕೈಲೇ ಯೋಚ್ನೆ ಮಾಡುಸ್ತೀರಂತೆ. ನಮ್ಮುಡ್ಗ ಯೋಳ್ದ.”

ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಸೊಪ್ಪು ಮಾತ್ರ ತೆಗೆದುಕೊಂಡೆ.

೨. ಜ್ವರ ಬಂದ ವಾಕ್ಯ

ಇನ್‌ಸ್ಪೆಕ್ಟರು ಬರುವ ಸುದ್ದಿ ಬಂತು. ಬೋರ್ಡಿಗೆ ಹತ್ತು ವಾಕ್ಯ ಬರೆದು, ಸಾಲಾಗಿ ಕೂತ ಹತ್ತು ಜನಕ್ಕೆ ತಲಾ ಒಂದು ಉತ್ತರ ಬಾಯಿಪಾಠ ಮಾಡಿಸಿದೆ. ಆ ದಿನ ಎರಡನೆಯವನು ಬರಲಿಲ್ಲ, ಗಾಬರಿಯಲ್ಲಿ ನಾನು ಗಮನಿಸಲಿಲ್ಲ. ಇನ್‌ಸ್ಪೆಕ್ಟರು ಸಾಲಿನಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸುತ್ತ ಎರಡನೇ ವಾಕ್ಯ ತೋರಿಸಿದರೆ ಮೂರರ ಉತ್ತರ ಬಂತು. ಮೂರಕ್ಕೆ ನಾಲ್ಕರದ್ದು.

“ಏನ್ರಯ್ಯ ಇದು?”

ಹಿಂದಿನ ಬೆಂಚಿನಿಂದ ಒಬ್ಬ ವಿಧೇಯನಾಗಿ ಎದ್ದ. “ಎರಡನೇ ವಾಕ್ಯಕ್ಕೆ ಜ್ವರ ಸಾರ್. ಇವತ್ತು ರಜಾ.”

೩. ಭಾನುವಾರದ ಚಾಪೆ

ಇನ್‌ಸ್ಪೆಕ್ಟರು ತಿಂಗಳು ಬಿಟ್ಟು ಮತ್ತೆ ಬರುತ್ತೇನೆಂದರು. ಆಗಲೂ ಹೀಗೇ ಆದರೆ ನನ್ನ ಕೆಲಸ ಉಳಿಯದು ಎಂದರು ಹೆಡ್ಮಾಸ್ಟರು. ಭಾನುವಾರ ತಲೆತುಂಬ ಶಾಲು ಹೊದ್ದು, ರೈಲು ಹತ್ತಿ, ಯಶವಂತಪುರದಲ್ಲಿ ನನ್ನ ಗುರುತಿಲ್ಲದ ಬೇರೊಬ್ಬ ನಿವೃತ್ತ ಇಂಗ್ಲಿಷ್ ಮೇಷ್ಟ್ರ ಮನೆಗೆ ಟ್ಯೂಷನ್‌ಗೆ ಹೋದೆ.

ಜಗಲಿಯ ಚಾಪೆಯ ಮೇಲೆ ನನ್ನ ತರಗತಿಯ ಹುಡುಗಿ ಕೂತಿದ್ದಳು. ಅವಳೂ ಟ್ಯೂಷನ್‌ಗೇ ಬಂದಿದ್ದಳು. ಕಣ್ಣಲ್ಲೇ ಕೈಮುಗಿದು ಪಕ್ಕದಲ್ಲಿ ಕೂತೆ.

ನೌನ್ ಕ್ಲಾಝ್ ಎಂದರೇನು ಎಂದು ಹಿರಿಯರು ಮೊದಲು ಅವಳನ್ನು ಕೇಳಿದರು. ಅವಳು ನಾನು ಬರೆಸಿದ್ದನ್ನೇ ಒಪ್ಪಿಸಿದಳು: “ದಟ್ ಅನ್ನೋ ಪದ ಕಂಡ್ರೆ ಸಾಕು ಸಾರ್, ಅದು ನೌನ್ ಕ್ಲಾಝ್.”

“ಶುದ್ಧ ತಪ್ಪು! ಯಾವ ದಡ್ಡ ಕಣಮ್ಮಾ ಹಿಂಗೆ ಹೇಳ್ಕೊಟ್ಟೋನು?”

ಅವಳು ನನ್ನತ್ತ ನೋಡಲೂ ಇಲ್ಲ. “ಅವ್ರು ವರ್ಗ ಆಗಿ ಹೋದ್ರು ಸಾರ್.”

ಅವಳು ನನ್ನ ಮಾನ ಕಾಯಲು ಸುಳ್ಳು ಹೇಳಿದ್ದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

“ಬಚಾವಾದೆ ಬಿಡು,” ಎಂದು ಹಿರಿಯರು ನನ್ನತ್ತ ತಿರುಗಿದರು. “ನೀವು ಹೇಳಿ ಸ್ವಾಮಿ.”

ನನಗೆ ಗೊತ್ತಿದ್ದದ್ದೂ ಅದೊಂದೇ. ಅದನ್ನೇ ಹೇಳಿದೆ.

“ಅಯ್ಯೋ, ನಿಮಗೂ ಅವನೇನಾ ಮೇಷ್ಟ್ರು?”

“ಹೌದು ಸಾರ್,” ಎಂದೆ ತಲೆ ತಗ್ಗಿಸಿ. “ಆದ್ರೆ ವರ್ಗ ಆಗಿಲ್ಲ. ಇಲ್ಲೇ ಚಾಪೆ ಮೇಲೆ ಕೂತಿದ್ದಾನೆ.”