ಒಂದೇ ಬೆರಳಿಗೆ ತಿರುಗಿದ ಸ್ಟೇರಿಂಗು

ಧಾರವಾಡ ಬಿಟ್ಟು ಬೆಂಗಳೂರಿನ ಪೀಣ್ಯಕ್ಕೆ ಬಂದಾಗಿನಿಂದ ಬೆರಗಾಗಿ ನಿಂತು ನೋಡುವಂಥದ್ದು ವಾರಕ್ಕೊಂದಾದರೂ ನನಗೆ ಸಿಗುತ್ತಲೇ ಇದೆ. ೧೯೮೦ರ ಸುಮಾರಿನಲ್ಲಿ ಅವೆಲ್ಲ ನಮ್ಮ ಹಳೇ ಕಾರಿನ ಸುತ್ತಲೇ ನಡೆದವು.

೧. ತೋಳಿನ ತಪ್ಪು

ನಾನು ಕಾರು ಕಲಿಯುತ್ತಿದ್ದೆ. ಶುಕ್ರವಾರ ಲೈಸೆನ್ಸ್ ಪರೀಕ್ಷೆ. ಸ್ಟೇರಿಂಗೋ ರುಬ್ಬುಗುಂಡಿನಷ್ಟು ಭಾರ. ಎರಡೂ ಕೈಯಿಂದ ಎಳೆದರೂ ಕಾರು ಅರ್ಧ ತಿರುಗಿ ಬೇಲಿಯ ಕಡೆ ಹೋಗುತ್ತಿತ್ತು. ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದ ನಮ್ಮ ಯಜಮಾನರು ತಾವೊಂದು ಸುತ್ತು ಓಡಿಸಿ ನೋಡಿದರು.

"ಹಳೇ ಕಾರ್ ಅಂದ್ರ ಹಿಂಗ ಇರ್ತಾವ. ನಿನ್ನ ತೋಳಿನಾಗ ಬಲ ಇಲ್ಲ. ತಿರುಗಿಸಾಕ ಬರಲಿಲ್ಲಂದ್ರ ಪರೀಕ್ಷಾ ಬ್ಯಾಡ."

"ದಿನಾ ಇಪ್ಪತ್ತು ರೊಟ್ಟಿ ಬಡಿಯೂ ತೋಳ್ರೀ ಇವು."

"ರೊಟ್ಟಿಗೆ ಗಾಲಿ ಇರೂದಿಲ್ಲ."

೨. ಭಾನುವಾರದ ತಜ್ಞರು

ಆದರೂ ಭಾನುವಾರ ಕಾರ್ಖಾನೆಯ ಗೆಳೆಯರನ್ನು ಕರೆಸಿದರು. ಗ್ರೈಂಡಿಂಗ್ ವಿಭಾಗದವರು ಒಳಗೆ ಏನೋ ಸವೆದಿದೆ ಎಂದರು. ಅಸೆಂಬ್ಲಿಯವರು ಜೋಡಣೆಯೇ ತಪ್ಪು ಎಂದರು. ಎಣ್ಣೆ ಉಗ್ರಾಣದವರು, "ಗ್ರೀಸ್ ಒಣಗಿದೆ ಕಣ್ರೀ, ಅಷ್ಟೇ" ಎಂದರು. ಒಬ್ಬೊಬ್ಬರ ಧೈರ್ಯ ಕಂಡು ನನಗೆ ಕೈಮುಗಿಯುವ ಹಾಗಾಯಿತು. ಪೇಂಟ್ ವಿಭಾಗದವರೊಬ್ಬರು ಮಾತ್ರ ಸುಮ್ಮನೆ ಕಾರಿಗೆ ಎರಡು ಸುತ್ತು ಬಂದರು.

"ಸ್ಟೇರಿಂಗ್ ವಿಷ್ಯ ನಂಗೊತ್ತಿಲ್ಲ ಸಾರ್. ಬಣ್ಣ ಮಾತ್ರ ಹೊಡೆಸ್ಲೇಬೇಕು."

೩. ಕೆಂಪು ಶಾಯಿ

ಮರುದಿನ ಸಂಜೆ ಯಜಮಾನರು ಕಾರ್ಖಾನೆಯಿಂದ ಬರುವ ಹೊತ್ತಿಗೆ ನಾನೇ ತುಮಕೂರು ರಸ್ತೆಯ ಬದಿಯ ಕಾರು ರಿಪೇರಿ ಮೇಸ್ತ್ರಿಯನ್ನು ಕರೆತಂದೆ. ಆತ ಬಾನೆಟ್ಟು ತೆಗೆಯಲೇ ಇಲ್ಲ. ಜಾಕ್ ಹಾಕಿ ಮುಂದಿನ ಎರಡೂ ಚಕ್ರ ನೆಲದಿಂದ ಎತ್ತಿದ.

"ಅಕ್ಕಾ, ಈಗ ಇಂಗೆ ಒಂದೇ ಬೆರಳಲ್ಲಿ ತಿರುಗ್ಸಿ."

ಬೆರಳಿಟ್ಟೆ. ತಿರುಗಿತು.

"ಎತ್ತಿದ್ರೆ ಅಗುರ, ಇಳಿಸಿದ್ರೆ ಭಾರ. ಅಂದ್ಮೇಲೆ ಸ್ಟೇರಿಂಗ್ ಸರಿಯಾಗೈತೆ, ನೆಲಕ್ಕೆ ತಾಗೋ ಕಡೆ ತೊಂದ್ರೆ," ಎಂದು ಹೆಬ್ಬೆರಳಿಂದ ಟೈರು ಒತ್ತಿದ. "ಗಾಳಿ ಎಲ್ಲಿ ಸಾರ್? ಯಾವತ್ತಾದ್ರೂ ನೋಡಿದ್ರಾ?"

ಯಜಮಾನರಿಗೆ ಅವಮಾನವಾಯಿತು. "ದಿನಾ ನೋಡ್ತೇನಿ" ಎಂದು ಒಳಗಿಂದ ಪುಸ್ತಕ ತಂದರು. ದಿನವೂ ಬೆಳಿಗ್ಗೆ ಅಳೆದು ಕೆಂಪು ಶಾಯಿಯಲ್ಲಿ ಬರೆದಿದ್ದರು: ಕಡಿಮೆ. ಕಡಿಮೆ. ಇನ್ನೂ ಕಡಿಮೆ.

"ಮತ್ತೆ ತುಂಬಿಸ್ಲಿಲ್ವಾ?"

"ನಮ್ಮದು ಇನ್‌ಸ್ಪೆಕ್ಷನ್. ತಪ್ಪು ತೋರಸ್ತೇವಿ. ತುಂಬೂದು ಬ್ಯಾರೆ ಸೆಕ್ಷನ್."

ಈ ಸಲ ಬೆರಗಾಗಿ ನಿಂತವನು ಮೇಸ್ತ್ರಿ.

ಆತ ಪಂಪು ಒತ್ತುತ್ತಿದ್ದಾಗ ನಾನು ಪುಟ ತಿರುವಿದೆ. ಕೊನೆಯ ಸಾಲು: "ಸ್ಟೇರಿಂಗ್ ಭಾರ. ಕಾರಣ: ಓಡಿಸುವವರ ತೋಳು."

ಶುಕ್ರವಾರ ಪಾಸಾಗಿ ಬಂದವಳೇ ಪುಸ್ತಕವನ್ನು ಅವರ ಮುಂದಿಟ್ಟೆ. "ಆ ಸಾಲು ಹೊಡದು ಹಾಕ್ರಿ."

"ಬರದದ್ದನ್ನ ನಾವು ಹೊಡದು ಹಾಕೂದಿಲ್ಲ," ಎಂದರು. ಆಮೇಲೆ ಎದ್ದು ಹೋಗಿ ಹಸಿರು ಶಾಯಿಯ ಪೆನ್ನು ತಂದರು. ಕೆಳಗೆ ಬರೆದು, ಸಹಿ ಹಾಕಿ, ನನ್ನ ಕಡೆ ತಿರುಗಿಸಿದರು:

"ತೋಳು: ಮರುತಪಾಸಣೆ ಆಯಿತು. ಪಾಸ್."