ಅಡುಗೆ ಅಕ್ಕನ ಸನ್ಮಾನವೂ ನಮ್ಮ ಸಮಿತಿಯೂ

ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುವುದು ಅಂಥ ಕಷ್ಟವಲ್ಲ. ಶಾಲೆಯ ಸಮಿತಿ ಸಭೆಯಲ್ಲಿ ನಗದೆ ಕೂರುವುದಿದೆಯಲ್ಲ, ಅದು ಕಷ್ಟ. ನಾನು ಮುಖ್ಯ ಶಿಕ್ಷಕಿಯಾಗಿದ್ದ ಊರು ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಒಂದಷ್ಟು ಒಳಗೆ ನಡೆಯಬೇಕಾದ ಊರು. ಮಕ್ಕಳ ತಂದೆತಾಯಿಯರೇ ಸೇರಿಕೊಂಡ ಎಸ್‌ಡಿಎಂಸಿ ಸಮಿತಿ ಎಲ್ಲ ಶಾಲೆಗಳಂತೆ ಅಲ್ಲೂ ಇತ್ತು. ನಲ್ಲಿ ರಿಪೇರಿಯಿಂದ ಹಿಡಿದು ಸನ್ಮಾನದವರೆಗೆ ಎಲ್ಲವನ್ನೂ ಅದೇ ತೀರ್ಮಾನಿಸಬೇಕು. ತೀರ್ಮಾನಿಸುತ್ತಲೂ ಇತ್ತು. ಆಮೇಲೆ ನಡೆಯುತ್ತಿದ್ದದ್ದೇ ಬೇರೆ.

ಅಲ್ಲಿದ್ದಷ್ಟು ವರ್ಷವೂ ನನಗೆ ಒಂದೇ ಆಸೆ. ನಮ್ಮ ಬಿಸಿಯೂಟದ ಅಕ್ಕನಿಗೆ ಒಂದು ಸಲ ಊರ ಮುಂದೆ ಸನ್ಮಾನ ಆಗಬೇಕು. ಶಾಲೆಯಲ್ಲಿ ಬಿಸಿಯೂಟ ಶುರುವಾದಾಗಿನಿಂದ ಒಲೆ ಮುಂದೆ ನಿಂತ ಹೆಂಗಸು. ಅರ್ಧ ಊರಿಗೆ ಅಕ್ಕ, ಉಳಿದರ್ಧಕ್ಕೆ ಅತ್ತೆ. ಸಮಿತಿಯ ಅಧ್ಯಕ್ಷರೇ ಇವರ ಕೈ ಸಾರು ಉಂಡು ಏಳನೇ ಕ್ಲಾಸು ಪಾಸಾದವರು. ಅರವತ್ತು ತುಂಬಿದ ದಿನ ಅಡುಗೆಯವರನ್ನು ಮನೆಗೆ ಕಳಿಸಬೇಕು ಎನ್ನುವುದು ನಿಯಮ. ಅಕ್ಕನಿಗೆ ಅರವತ್ತು ಹತ್ತಿರ ಬರುತ್ತಿತ್ತು. ಅಷ್ಟರೊಳಗೆ ಒಂದು ಶಾಲು, ಒಂದು ಪೇಟ, ಒಂದು ಹಾರ. ಇದರಲ್ಲಿ ಏನು ಮಹಾ ಕಷ್ಟ ಎಂದುಕೊಂಡಿದ್ದೆ.

೧. ಬಿಳಿ ಪಂಚೆಯ ಅತಿಥಿ

ಮೊದಲ ಸಲ ಸ್ವಾತಂತ್ರ್ಯ ದಿನಾಚರಣೆಗೆ ಅಕ್ಕನ ಸನ್ಮಾನ ಅಂತ ಗೊತ್ತಾಯಿತು. ಅಧ್ಯಕ್ಷರು ಗುಂಡ್ಲುಪೇಟೆಗೆ ಹೋಗಿ ಹಾರ ತಂದರು. ಊರ ಸುತ್ತ ಕಣ್ಣು ಹಾಯುವಷ್ಟು ದೂರ ಚೆಂಡು ಹೂವು ಅರಳಿ ನಿಂತಿದೆ, ಇವರು ಪೇಟೆಯಿಂದ ಪ್ಲಾಸ್ಟಿಕ್ ಮಣಿಯ ಹಾರ ತಂದಿದ್ದಾರೆ. ಕೇಳಿದರೆ, "ನಮ್ ಹೊಲ್ದ್ ಹೂವ ಆಕುದ್ರೆ ಬಿಟ್ಟಿ ಸನ್ಮಾನ ಅಂತಾರೆ ಮೇಡಮ್ನೋರೆ" ಅಂದರು.

ಅತಿಥಿಯಾಗಿ ಬರಬೇಕಿದ್ದ ಅಧಿಕಾರಿ ಹೊತ್ತಾದರೂ ಬರಲಿಲ್ಲ. ಅಧ್ಯಕ್ಷರು ಗೇಟಿನ ಹತ್ತಿರ ಕಾಯುತ್ತಾ ನಿಂತಿದ್ದರು. ಅಷ್ಟರಲ್ಲಿ ಒಂದು ಕಾರು ಬಂತು. ಒಳಗಿನಿಂದ ಗರಿಗರಿ ಬಿಳಿ ಅಂಗಿ, ಬಿಳಿ ಪಂಚೆಯ ಮನುಷ್ಯ ಇಳಿದು ಏನೋ ಕೇಳಲು ಬಾಯಿ ತೆರೆದ. ನಮ್ಮ ಅಧ್ಯಕ್ಷರು ಮಾತಾಡಲು ಬಿಟ್ಟರೆ ತಾನೆ? ಕೈ ಹಿಡಿದುಕೊಂಡು ಸೀದಾ ವೇದಿಕೆಗೆ ತಂದು ಕೂರಿಸಿದರು. ಅಧಿಕಾರಿಗೆಂದು ಬೇರೆ ಶಾಲು ತಂದಿರಲಿಲ್ಲ. ಅಕ್ಕನಿಗಿದ್ದ ಶಾಲು, ಪೇಟ, ಮಣಿಹಾರ ಮೂರೂ ಆತನ ಮೈಮೇಲೆ ಹೋದವು. ಮಕ್ಕಳು ಚಪ್ಪಾಳೆ ತಟ್ಟಿದರು. ಮೈಕು ಕೊಟ್ಟರೆ ಆತ ಕೈ ಮುಗಿದು, ಬೆವರುತ್ತಾ, ಅರ್ಧ ಮಲಯಾಳದಲ್ಲಿ ವಿಷಯ ಹೇಳಿದ. ಆತ ಕೇರಳದ ಹೂವಿನ ವ್ಯಾಪಾರಿ. ಓಣಂಗೆ ಚೆಂಡು ಹೂವು ಕೊಳ್ಳಲು ಬಂದವನು, ಹೊಲಕ್ಕೆ ದಾರಿ ಕೇಳಲು ಕಾರು ನಿಲ್ಲಿಸಿದ್ದ.

ಹೊದಿಸಿದ ಶಾಲನ್ನು ವಾಪಸು ಕೇಳುವುದಕ್ಕೆ ಆಗುತ್ತದೆಯೆ? ಪಾಪ, ಒಳ್ಳೆಯ ಮನುಷ್ಯ. ಎಲ್ಲ ಮಕ್ಕಳಿಗೂ ಮಿಠಾಯಿ ತರಿಸಿ ಹಂಚಿ ಹೋದ. ಅಕ್ಕ ಅಡುಗೆ ಮನೆ ಬಾಗಿಲಲ್ಲಿ ನಿಂತು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ಮುಂದಿನ ವರ್ಷ ಅದೇ ದಿನ, ಅದೇ ಹೊತ್ತಿಗೆ, ಆತ ತಾನಾಗಿಯೇ ಬಂದ. ಜೊತೆಗೆ ಬಿಳಿ ಪಂಚೆಯ ಇನ್ನಿಬ್ಬರು. ಅಧ್ಯಕ್ಷರ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದ: "ಇವರಿಗೂ ಉಂಟಾ?"

೨. ಕೊನೆಯ ವಿಷಯ

ಇನ್ನು ಹಬ್ಬದ ದಿನದ ಸಹವಾಸ ಬೇಡ, ತಿಂಗಳ ಸಭೆಯಲ್ಲೇ ಗಟ್ಟಿಯಾಗಿ ಠರಾವು ಮಾಡಿಸಿಬಿಡೋಣ ಎಂದು ಹೊರಟೆ. "ಮೊದ್ಲು ಸ್ಕೂಲ್ ಕೆಲ್ಸ ಆಗ್ಲಿ, ಸನ್ಮಾನ ಕೊನೇಲಿರ್ಲಿ" ಅಂದರು ಒಬ್ಬ ಸದಸ್ಯರು. ಸರಿ, ಕೊನೆಯಲ್ಲಿಟ್ಟೆ.

ಮೊದಲ ವಿಷಯ ಕೋತಿ ಕಾಟ. ಮಕ್ಕಳಿಗೆ ಕೊಡುವ ಬಾಳೆಹಣ್ಣನ್ನು ಕೋತಿಗಳು ಕಿಟಕಿಯಿಂದ ಎತ್ತಿಕೊಂಡು ಹೋಗುತ್ತಿದ್ದವು. ಜಾಲರಿ ಹಾಕಬೇಕೆಂದು ಒಬ್ಬರು, ಪಟಾಕಿ ಹೊಡೆಯಬೇಕೆಂದು ಒಬ್ಬರು, ಕೋತಿ ಓಡಿಸಲು ಉಪಸಮಿತಿ ಬೇಕೆಂದು ಅಧ್ಯಕ್ಷರು. ಪುಣಜನೂರಿನಿಂದ ಮದುವೆಯಾಗಿ ಬಂದ ತಾಯಿಯೊಬ್ಬರು ಸಮಿತಿಯಲ್ಲಿದ್ದರು. ಕಾಡಂಚಿನಲ್ಲಿ ಹುಟ್ಟಿದವರು. ಕೇಳುವಷ್ಟು ಕೇಳಿ, "ನಮ್ಮೂರ್ಗೆ ಆನೆ ಬಂದ್ರೂ ಸಭೆ ಮಾಡಕಿಲ್ಲ ಕಣಣ್ಣ, ಬಾಗ್ಲಾಕತೀವಿ" ಅಂದರು. ಕಿಟಕಿ ಮುಚ್ಚಿಡುವುದೆಂದು ತೀರ್ಮಾನವಾಯಿತು.

ಸನ್ಮಾನದ ವಿಷಯಕ್ಕೆ ಬರುವಷ್ಟರಲ್ಲಿ ಅಕ್ಕ ಟೀ ತಂದರು. ನಮ್ಮ ಸಮಿತಿಗೆ ಟೀ ಬಂತೆಂದರೆ ಸಭೆ ಮುಗಿಯಿತೆಂದೇ ಅರ್ಥ. ಕುಡಿದು ಎದ್ದು ಹೋದರು. ಮುಂದಿನ ತಿಂಗಳೂ ಹಾಗೇ ಆಯಿತು, ಅದರ ಮುಂದಿನ ತಿಂಗಳೂ ಹಾಗೇ. ಅಕ್ಕನ ಸನ್ಮಾನಕ್ಕೆ ಅಕ್ಕನ ಟೀಯೇ ಅಡ್ಡ ಬರುತ್ತಿತ್ತು.

ಒಂದು ಸಲ ಗುಟ್ಟಾಗಿ ಹೇಳಿದೆ: "ಅಕ್ಕ, ಇವತ್ತು ನಾನು ಕರೆಯುವ ತನಕ ಟೀ ತರಬೇಡಿ." ಅವರು ತರಲಿಲ್ಲ. ಹಾಲು ಕಾದ ವಾಸನೆ ಮಾತ್ರ ಬರುತ್ತಿತ್ತು. ಒಬ್ಬರು ಫೋನು ಬಂತೆಂದು ಎದ್ದರು. ಇನ್ನೊಬ್ಬರು ಬಚ್ಚಲಿಗೆಂದು ಎದ್ದರು. ಕೊನೆಗೆ ಅಧ್ಯಕ್ಷರೂ, "ಇವರೆಲ್ಲ ಎಲ್ಗೋದ್ರು, ನೋಡ್ಕಂಡ್ ಬತ್ತೀನಿ" ಎಂದು ಹೋದವರು ಬರಲಿಲ್ಲ. ನಾನೊಬ್ಬಳೇ ಕೂತು ಸಾಕಾಗಿ ಹೋಗಿ ನೋಡಿದರೆ ಇಡೀ ಸಮಿತಿ ಅಡುಗೆ ಮನೆಯಲ್ಲಿ ಅಕ್ಕನ ಸುತ್ತ ನಿಂತು ಟೀ ಕುಡಿಯುತ್ತಿದೆ!

ನಾನೇನು ಬಿಡುವವಳೆ? ಅಲ್ಲೇ ನಿಂತು, "ಎಲ್ಲರೂ ಇದ್ದೀರಿ, ಅಕ್ಕನ ಸನ್ಮಾನಕ್ಕೆ ಒಪ್ಪಿಗೆ ತಾನೆ?" ಅಂದೆ. ಯಾರೂ ಬಾಯಿ ಬಿಡುವ ಮೊದಲೇ ಅಕ್ಕ ಲೋಟ ಕೆಳಗಿಟ್ಟರು.

"ಇದ್ ನ್ಯಾಯ ಅಲ್ಲ ಮೇಡಮ್ನೋರೆ. ನನ್ ಮುಂದೇನೇ ಕೇಳುದ್ರೆ ಯಾರ್ ಬ್ಯಾಡ ಅಂದಾರು? ಮುಂದಿನ್ ಸಭೆಗಾಕಿ."

೩. ಟ್ರಾಕ್ಟರ್ ಮೇಲೆ ಊರು

ಗಣರಾಜ್ಯೋತ್ಸವಕ್ಕೆ ಹೇಗೋ ಮತ್ತೆ ವಿಷಯ ಎತ್ತಿದೆ. ಈಗ ಅಧ್ಯಕ್ಷರಿಗೆ ಬೇರೆಯೇ ಭಯ. "ನಂಗೆ ಸಂಬಂಧ್ದಲ್ಲಿ ಅತ್ತೆ ಆಗ್ಬೇಕು. ಅವ್ರೊಬ್ರಿಗೇ ಮಾಡುದ್ರೆ ಮನೆಯೋರ್ಗೇ ಮಾಡ್ಕಂಡ ಅಂತಾರೆ. ಜೊತೇಲಿ ಸ್ಕೂಲ್ಗೆ ಜಾಗ ಕೊಟ್ಟೋರ್ಗೂ ಮಾಡನ." ನ್ಯಾಯವೇ ಅನ್ನಿಸಿತು. ಜಾಗ ಕೊಟ್ಟವರಿಗೆ ಮಾಡಿದರೆ ಬೆಂಚು ಕೊಟ್ಟವರು ಏನಂದುಕೊಂಡಾರು? ಅವರಿಗೆ ಮಾಡಿದರೆ ಹೆಂಚು ಹೊದಿಸಿಕೊಟ್ಟವರು? ಗೇಟಿಗೆ ಬಣ್ಣ ಹೊಡೆದವರು? ಕೋತಿ ಓಡಿಸುವವರು? ಉಡಿಗಾಲದಿಂದ ತನ್ನ ಆಟೋದಲ್ಲಿ ಬಿಟ್ಟಿಯಾಗಿ ಮೈಕ್ ಸೆಟ್ ತಂದುಕೊಟ್ಟ ಸದಸ್ಯರೊಬ್ಬರ ಭಾವಮೈದುನನೂ ಸೇರಿದ. ಯಾರನ್ನು ಬಿಟ್ಟರೆ ಯಾರಿಗೆ ಬೇಜಾರಾಗುತ್ತದೋ ಎಂದು ಸೇರಿಸುತ್ತಾ ಹೋದರು. ಬೇಜಾರು ಮಾಡಿಕೊಳ್ಳದವರು ಒಬ್ಬರೇ ಇದ್ದದ್ದು, ಅಕ್ಕ. "ಅತ್ತೆ ನಮ್ಮೋರೇ, ಅವ್ರಿಗೆ ಆಮ್ಯಾಕೆ ಮಾಡ್ಬುಡನ" ಅಂದುಬಿಟ್ಟರು ಅಧ್ಯಕ್ಷರು.

ವೇದಿಕೆ ಅಂದರೆ ಟ್ರಾಕ್ಟರ್ ಟ್ರೇಲರ್ ಮೇಲೆ ಜಮಖಾನ. ಒಬ್ಬೊಬ್ಬರನ್ನೇ ಕರೆದರು. ಅಷ್ಟು ಶಾಲು ಎಲ್ಲಿಂದ ಬರಬೇಕು? ಇದ್ದದ್ದು ಒಂದೇ. ಹೊದಿಸುವುದು, ಫೋಟೋ ತೆಗೆಯುವುದು, ತೆಗೆದು ಪಕ್ಕದವರಿಗೆ ಹೊದಿಸುವುದು. ಪೇಟವಂತೂ ಒಬ್ಬರಿಗೆ ಕಿವಿ ಮುಚ್ಚಿತು, ಒಬ್ಬರಿಗೆ ನೆತ್ತಿಯ ಮೇಲೆ ಲೋಟದ ಹಾಗೆ ಕೂತಿತು. ಟ್ರೇಲರ್ ತುಂಬಿ, ಜಾಗ ಸಾಲದೆ ಮಡ್‌ಗಾರ್ಡಿನ ಮೇಲೂ ಸನ್ಮಾನಿತರು ಕೂತರು. ಮಕ್ಕಳು ಬೂಂದಿ ಸಿಕ್ಕಿದ್ದೇ ಓಡಿಹೋಗಿದ್ದರು.

ನಾನು ಮೈಕಿನಲ್ಲಿ, "ಈಗ ಸಭಿಕರೆಲ್ಲ ಜೋರಾಗಿ ಚಪ್ಪಾಳೆ ತಟ್ಟಬೇಕು" ಅಂದೆ. ಸದ್ದೇ ಇಲ್ಲ. ನೋಡಿದರೆ ಕೆಳಗೆ ಖಾಲಿ ಕುರ್ಚಿಗಳು, ಒಂದು ನಾಯಿ, ಖಾಲಿ ಬೂಂದಿ ತಟ್ಟೆ ಹಿಡಿದ ಅಕ್ಕ. ಅವರು ತಟ್ಟೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎರಡು ಸಲ ಚಪ್ಪಾಳೆ ತಟ್ಟಿದರು. ಆಮೇಲೆ ನಿಲ್ಲಿಸಿ ಕೂಗಿದರು:

"ಏನ್ಲಾ, ಇಷ್ಟ್ ಜನ್ಕೂ ನಾನೊಬ್ಳೇ ತಟ್ಬೇಕಾ? ಇಳೀರ್ಲಾ ಅರ್ಧ ಜನ!"

೪. ಅಕ್ಕ ಕೇಳಿದ ಸನ್ಮಾನ

ಕೊನೆಗೆ ಅರವತ್ತು ತುಂಬಿಯೇ ಬಿಟ್ಟಿತು. ಶಾಲೆಗೆ ಬೇಸಿಗೆ ರಜೆ ಬರುವುದಕ್ಕೆ ಇನ್ನೂ ಕೆಲವು ದಿನವಿತ್ತು. ನಾನು ಈ ಸಲ ಸಭೆ ಕರೆದು, ಕೋತಿ ಇಲ್ಲ, ನಲ್ಲಿ ಇಲ್ಲ, ಒಂದೇ ವಿಷಯ ಎಂದೆ. ಯಾರೂ ತಮಾಷೆ ಮಾಡಲಿಲ್ಲ. ಅಧ್ಯಕ್ಷರೇ ಎದ್ದು ಹೋಗಿ ಅಕ್ಕನನ್ನು ಕರೆದುಕೊಂಡು ಬಂದರು. "ಅತ್ತೆ, ಇಷ್ಟ್ ದಿನ ತಪ್ಪೋಯ್ತು. ಎಂಗೆ ಮಾಡ್ಬೇಕು, ನೀನೇ ಏಳು."

ಅಕ್ಕ ಹೆಚ್ಚು ಯೋಚಿಸಲಿಲ್ಲ. "ಶಾಲು ಗೀಲು ಬ್ಯಾಡ. ಒಂದಿನ ನೀವೆಲ್ಲ ಅಡ್ಗೆ ಮಾಡಿ. ನಾನ್ ಕುಂತ್ಕತೀನಿ, ನಂಗ್ ಬಡ್ಸಿ."

"ಅಷ್ಟೇನಾ! ಮಾಡ್ಬುಡನ ಬುಡು" ಅಂದರು ಅಧ್ಯಕ್ಷರು. ಎಲ್ಲರೂ ಕೈ ಎತ್ತಿದರು. ನಮ್ಮ ಸಮಿತಿ ಅಷ್ಟು ಬೇಗ ಒಪ್ಪಿದ ಠರಾವು ಇನ್ನೊಂದಿಲ್ಲ.

ಆ ದಿನ ಬೆಳಿಗ್ಗೆ ಗಂಡಸರೆಲ್ಲ ಸೊಂಟಕ್ಕೆ ಟವೆಲು ಸುತ್ತಿಕೊಂಡು ಅಡುಗೆ ಮನೆ ಹೊಕ್ಕರು. ಪುಣಜನೂರಿನ ತಾಯಿಗೆ ಮಾತ್ರ ಪಾಯಸದ ಜವಾಬ್ದಾರಿ. ಅಕ್ಕ ಮದುವೆಯ ಸೀರೆ ಉಟ್ಟು ನನ್ನ ಕೋಣೆಯಲ್ಲಿ ಕೂತರು. ಕೂತರು ಅಂದರೆ, ನಾನು ಕೂರಿಸಿದೆ. ಮತ್ತೆ ಮತ್ತೆ ಏಳುವರು, ಕೈ ಹಿಡಿದು ಎಳೆಯುವೆ.

"ಮೇಡಮ್ನೋರೆ, ಸೀದ ವಾಸ್ನೆ ಬತ್ತಾ ಅದೆ."

"ಬರಲಿ ಬಿಡಿ ಅಕ್ಕ."

"ಉರಿ ಸಣ್ಣ ಮಾಡಿ ಅಂತಾದ್ರೂ ಏಳ್ಬುಟ್ ಬತ್ತೀನಿ."

"ನೀವಿವತ್ತು ಮುಖ್ಯ ಅತಿಥಿ. ಎದ್ದೀರಿ ಜೋಕೆ!"

ಊಟದ ಹೊತ್ತಿಗೆ ಮಕ್ಕಳೆಲ್ಲ ಜಗಲಿಯ ಮೇಲೆ ಸಾಲಾಗಿ ಕೂತರು. ಸಾಲಿನ ಮೊದಲಿಗೆ ಅಕ್ಕ, ಮಕ್ಕಳ ಹಾಗೇ ಚಕ್ಕಳಮಕ್ಕಳ ಹಾಕಿಕೊಂಡು. ಅಧ್ಯಕ್ಷರು ಮುಖವೆಲ್ಲ ಮಸಿ ಮಾಡಿಕೊಂಡು ಬಂದು ತಾವೇ ಬಡಿಸಿದರು. ಅನ್ನದಲ್ಲಿ ಕಂದು ಚೂರುಗಳಿದ್ದವು. ಸಾರಿಗೆ ಒಬ್ಬರು ಉಪ್ಪು ಹಾಕಿದ್ದರು, ಅವರು ಮರೆತಿರಬಹುದೆಂದು ಇನ್ನೊಬ್ಬರು ಹಾಕಿದ್ದರು, ಇಬ್ಬರನ್ನೂ ನಂಬದೆ ಅಧ್ಯಕ್ಷರೂ ಹಾಕಿದ್ದರು.

ಅಕ್ಕ ಒಂದು ತುತ್ತು ಬಾಯಿಗಿಟ್ಟರು. ಇಡೀ ಶಾಲೆ ಅವರ ಮುಖ ನೋಡುತ್ತಿತ್ತು. ಅವರು ನಿಧಾನವಾಗಿ ನುಂಗಿ, ಇನ್ನೊಂದು ತುತ್ತು ಕಲಸಿದರು. ತಟ್ಟೆ ಖಾಲಿ ಮಾಡಿದರು.

"ಎಂಗದೆ ಅತ್ತೆ?" ಸೌಟು ಹಿಡಿದು ಅಧ್ಯಕ್ಷರು ಕೇಳಿದರು.

"ಉಪ್ಪೋ ಉಪ್ಪು. ಅನ್ನ ಸೀದೋಗದೆ" ಎಂದು ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಮಕ್ಕಳ್ದೆಲ್ಲ ಆಗಿ ಕೊನೇಲಿ ತಳದ್ದ ಕೆರ್ಕಂಡು ಉಣ್ಣೋಳು ಕಣ್ಲಾ ನಾನು. ಈ ಸ್ಕೂಲಲ್ಲಿ ಬಿಸೀದ ಉಂಡದ್ದು ಇವತ್ತೇಯ."

ಅಧ್ಯಕ್ಷರು ಸೌಟನ್ನು ನನ್ನ ಕೈಗೆ ಕೊಟ್ಟು ಗೋಡೆ ಕಡೆ ತಿರುಗಿ ನಿಂತರು. ಅವರಿಗೆ ನಾವು ಋಣಿಗಳು ಎಂದು ದೊಡ್ಡ ಭಾಷಣ ಬರೆದುಕೊಂಡು ಹೋಗಿದ್ದೆ. ಅದನ್ನು ಓದದೆ, ಸೌಟು ಪಕ್ಕಕ್ಕಿಟ್ಟು ಅಕ್ಕನ ಕೈ ಹಿಡಿದು ಕೂತೆ, ಅಷ್ಟೆ. ಅವರು ಕೂತಲ್ಲಿಂದಲೇ, "ಸಾರ್ಗೆ ಬ್ಯಾಳೆ ಬೇಯ್ಸಿ ಉಯ್ಯಿ, ನೀರ್ ಸೇರ್ಸಿ, ಅನ್ನ ಮ್ಯಾಲಿನ್ದು ಮಾತ್ರ ತಗೀರಿ" ಎಂದು ಹೇಳಿಕೊಟ್ಟು ಮಕ್ಕಳ ಊಟ ಉಳಿಸಿದರು. ಪಾಯಸ ಚೆನ್ನಾಗಿತ್ತು. ಬೇಡವೆಂದರೂ ಶಾಲು ಹೊದಿಸಿದೆವು. ಈ ಸಲ ಯಾರೂ ಬಿಚ್ಚಿ ಪಕ್ಕದವರಿಗೆ ಹೊದಿಸಲಿಲ್ಲ. ಅಂತೂ ನನ್ನ ಆಸೆ ತೀರಿತು ಎಂದುಕೊಂಡು ನೆಮ್ಮದಿಯಿಂದ ಸಂಜೆಯ ಬಸ್ಸು ಹತ್ತಿದೆ.

ಮಾರನೇ ದಿನ ಶಾಲೆಗೆ ಬಂದು ನೋಡುತ್ತೇನೆ, ಅಡುಗೆ ಮನೆ ಮುಂದೆ ಕುರ್ಚಿ ಹಾಕಿಕೊಂಡು ಅಕ್ಕ ಕೂತಿದ್ದಾರೆ. ಆ ಬಿಸಿಲಿನಲ್ಲೂ ಮೈಮೇಲೆ ಸನ್ಮಾನದ ಶಾಲು. ಕೈಯಲ್ಲಿ ಟೀ ಲೋಟ.

"ಇದೇನಕ್ಕ, ನಿನ್ನೆ ತಾನೆ ಬೀಳ್ಕೊಟ್ಟೆವು, ಮತ್ತೆ ಕೆಲಸಕ್ಕೆ ಬಂದಿರಾ?"

"ಕೆಲ್ಸಕ್ಕೆ ಯಾಕ್ ಬರ್ಲಿ ಮೇಡಮ್ನೋರೆ? ಸನ್ಮಾನ ಇನ್ನೂ ಮುಗ್ದಿಲ್ಲ."

ಅವರು ಗದ್ದ ಎತ್ತಿ ತೋರಿಸಿದ ಕಡೆ ನೋಡಿದೆ. ನಲ್ಲಿಯ ಹತ್ತಿರ ಸಮಿತಿಯ ಸದಸ್ಯರೆಲ್ಲ ಸಾಲಾಗಿ ಕುಕ್ಕರಗಾಲಲ್ಲಿ ಕೂತು ತೆಂಗಿನ ನಾರು, ಬೂದಿ ಹಿಡಿದು ಪಾತ್ರೆ ತಿಕ್ಕುತ್ತಿದ್ದರು. ಅನ್ನದ ದೊಡ್ಡ ಪಾತ್ರೆ ಅಡ್ಡ ಮಲಗಿತ್ತು. ಅದರ ಒಳಗಿನಿಂದ ಎರಡು ಕಾಲು ಮಾತ್ರ ಕಾಣುತ್ತಿದ್ದವು. ನನ್ನ ಸ್ವರ ಕೇಳಿ ಆ ಪಾತ್ರೆಯೊಳಗಿಂದ ಅಧ್ಯಕ್ಷರು ಕೂಗಿದರು:

"ಮೇಡಮ್ನೋರೆ, ಇನ್ಮುಂದೆ ಯಾರ್ಗೇ ಸನ್ಮಾನ ಮಾಡುದ್ರೂ ಅವರ್ನ ಏನ್ ಬೇಕು ಅಂತ ಕೇಳ್ಬಾರ್ದು ಅಂತ ಠರಾವು ಬರ್ಕಳಿ!"

ಅಕ್ಕ ಶಾಲು ಸರಿಮಾಡಿಕೊಂಡು, ಟೀ ಒಂದು ಗುಟುಕು ಕುಡಿದು ಹೇಳಿದರು: "ಠರಾವು ಆಮ್ಯಾಕ್ ಮಾಡೀರಂತೆ. ಮೂಲೇಲಿನ್ನೂ ಕರಿ ಅದೆ, ತಿಕ್ಲಾ."