ಕೌದಿಯ ಹೊಟ್ಟೆಯೊಳಗಿನ ಹಸಿರು

ಸಿಟ್ಟು ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ಉಪದೇಶ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರೆಲ್ಲ ಬೆಳಿಗ್ಗೆ ಎದ್ದು ಎಲ್ಲಿಗಾದರೂ ಹೋಗುವ ಜನ. ಆಫೀಸಿಗೆ, ಅಂಗಡಿಗೆ, ಬಂದರಿಗೆ, ಏನೂ ಇಲ್ಲದಿದ್ದರೆ ಬಸ್‌ಸ್ಟ್ಯಾಂಡಿನ ಚಾದಂಗಡಿಗೆ. ಅವರ ಸಿಟ್ಟು ದಾರಿಯುದ್ದಕ್ಕೂ ಅಲ್ಲಿಷ್ಟು ಇಲ್ಲಿಷ್ಟು ಚೆಲ್ಲಿಹೋಗಿ ಸಂಜೆಗೆ ಮನುಷ್ಯ ಖಾಲಿಯಾಗಿ ಮರಳುತ್ತಾನೆ. ಮನೆಯಲ್ಲೇ ಇರುವವನ ಸಿಟ್ಟಿಗೆ ಹೋಗಲು ಜಾಗವಿಲ್ಲ. ಅದು ಜಗಲಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಜಗಲಿಗೆ ಅವನ ಹಿಂದೆಯೇ ಓಡಾಡಿಕೊಂಡಿರುತ್ತದೆ. ನನ್ನದು ಸದ್ಯ ಹೊಲಿಗೆ ಮಷಿನಿನ ಪೆಡಲಿನ ಮೇಲೆ ಕೂತಿದೆ.

ಹೌದು, ನಾನು ಹೊಲಿಯುತ್ತೇನೆ. ಧಾರವಾಡದಲ್ಲಿ ತತ್ತ್ವಶಾಸ್ತ್ರ ಓದಿ, ಕುಮಟೆಯ ಒಂದು ಕಾಲೇಜಿನಲ್ಲಿ ವರ್ಷಗಟ್ಟಲೆ ಅತಿಥಿ ಉಪನ್ಯಾಸಕನಾಗಿ ತರ್ಕಶಾಸ್ತ್ರ ಕಲಿಸಿದವನು ನಾನು. ಈ ವರ್ಷ ನನ್ನ ವಿಷಯಕ್ಕೆ ಒಬ್ಬ ವಿದ್ಯಾರ್ಥಿಯೂ ಸೇರಲಿಲ್ಲವಾಗಿ ಅತಿಥಿ ಹೊನ್ನಾವರದ ತನ್ನ ಮನೆಗೆ ವಾಪಸಾದ. ಹೆಂಡತಿ ಶೈಲಾ ಭಟ್ಕಳದ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಬೆಳಿಗ್ಗೆ ಬಸ್ಸು ಹಿಡಿದರೆ ಸಂಜೆಯೇ ಅವಳ ಮುಖ. ಅಷ್ಟು ಹೊತ್ತು ಗೋಡೆ ನೋಡುವ ಬದಲು ಅಮ್ಮನ ಕಾಲದ ಮಷಿನಿಗೆ ಎಣ್ಣೆ ಬಿಟ್ಟು ಒಂದು ದಿಂಬಿನ ಚೀಲ ಹೊಲಿದೆ. ನನ್ನ ಜೀವನದ ದೊಡ್ಡ ತಪ್ಪು ಅದು. ದಿಂಬಿನ ಚೀಲ ಚೆನ್ನಾಗಿ ಬಂತು.

ಚೆನ್ನಾಗಿ ಬಂದದ್ದು ಊರಿಗೆ ತಿಳಿಯಿತು. ಆಮೇಲೆ ಶುರುವಾಯಿತು ನೋಡಿ, ಆ ಒಂದು ಮಾತು. "ನೀವು ಮನೇಲೇ ಇರ್ತ್ರಲ್ರಾ!" ಈ ವಾಕ್ಯವನ್ನು ಕೇಳಿದಾಗಲೆಲ್ಲ ನನ್ನ ಕಿವಿಯ ಹಿಂದೆ ಒಂದು ನರ ಹೊಡೆದುಕೊಳ್ಳುತ್ತದೆ. ಮನೆಯಲ್ಲಿರುವವನು ಪಕ್ಕದ ಮನೆಯ ಕೊರಿಯರ್ ತೆಗೆದುಕೊಳ್ಳಬೇಕು, ಎದುರು ಮನೆಯ ಗ್ಯಾಸ್ ಸಿಲಿಂಡರ್ ಇಳಿಸಿಕೊಳ್ಳಬೇಕು, ಮೇಲಿಂದ ಸೀರೆಗೆ ಫಾಲು ಹಚ್ಚಬೇಕು. ಪಕ್ಕದ ಮನೆಯ ಯಮುನಕ್ಕ ಬೆಳಿಗ್ಗೆ ಮೀನು ಮಾರಿ ಬಂದು ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಕೂರುವವಳು. ಒಂದು ದಿನ ಹಳೆಯ ಸೀರೆಗಳ ದೊಡ್ಡ ಗಂಟನ್ನೇ ತಂದು ಧೊಪ್ಪೆಂದು ಹಾಕಿದಳು.

"ಮಾಸ್ತರ್ರೆ, ಒಂದು ಗೋದಡಿ ಹೊಲ್ಕೊಡಿ. ಡಬಲ್ ಕಾಟಿಂದು."

"ಯಮುನಕ್ಕಾ, ನನಗೆ ಕೈತುಂಬ ಕೆಲಸ ಅದೆ."

"ಎಂತ ಕೆಲ್ಸ? ಹೊಲ್ಯೂದೇ ಅಲ್ದಾ?"

ತರ್ಕಶಾಸ್ತ್ರ ಕಲಿಸಿದವನು ಗಂಟು ಬಿಚ್ಚಿ ಸೀರೆ ಎಣಿಸತೊಡಗಿದೆ.

ಹೀಗೆ ಜನವರಿಯ ಹೊತ್ತಿಗೆ ನಮ್ಮ ಮನೆಯಲ್ಲಿ ಕೂರಲು ಜಾಗ ಉಳಿಯಲಿಲ್ಲ. ಮಂಚದ ಮೇಲೆ ಯಮುನಕ್ಕನ ಗೋದಡಿ ಅರ್ಧ. ಊಟದ ಮೇಜಿನ ಮೇಲೆ ಶೈಲಾಳ ಶಾಲೆಯ ಗ್ಯಾದರಿಂಗಿಗೆಂದು ಇಡೀ ಎರಡನೇ ಕ್ಲಾಸಿಗೆ ಆಗುವಷ್ಟು ಚಿಟ್ಟೆ ರೆಕ್ಕೆ. ಕಿಟಕಿಯಲ್ಲಿ ಒಂದು ಬದಿ ಮಾತ್ರ ಮಡಚಿ ಹೊಲಿದ ಪರದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಮಷಿನಿನ ಪಕ್ಕದ ಕುರ್ಚಿಯ ಮೇಲೆ: ಒಂದು ಪುಟ್ಟ ಕೌದಿ. ಕಾಯ್ಕಿಣಿಯಲ್ಲಿರುವ ನನ್ನ ಅಕ್ಕನಿಗೆ ಮೊಮ್ಮಗಳು ಹುಟ್ಟಿದ್ದಳು. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಮನೆಯವರ ಹಳೆಯ ಬಟ್ಟೆಗಳಲ್ಲೇ ಹೊಲಿದ ಕೌದಿ ಅಡಿಗೆ ಬೇಕು ಎಂದು ಅಕ್ಕ ಫೋನಿನಲ್ಲಿ ಆಜ್ಞೆ ಮಾಡಿದ್ದಳು. "ಹೊಸ ಬಟ್ಟೆ ಹಾಕ್ಬೇಡ, ಚುಚ್ತದೆ. ಕಡೇ ಬದಿ ಹೊಲ್ಯೂಕಿಂತ ಮೊದ್ಲು ಒಳಗೆ ನಾಲ್ಕು ಕಾಳು ಅಕ್ಕಿ ಹಾಕು. ಕೌದಿ ಹೊಟ್ಟೆ ಖಾಲಿ ಇರ್ಬಾರ್ದು." ಇಂಥದ್ದನ್ನೆಲ್ಲ ನಾನು ನಂಬುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿ ಫೋನಿಟ್ಟೆ.

ಒಂದೇ ಸಲಕ್ಕೆ ಇಷ್ಟು ಕೆಲಸ ಹಚ್ಚಿಕೊಂಡವನ ಮನೆಯಲ್ಲಿ ಬಟ್ಟೆಗಳು ತಾವಾಗಿಯೇ ಓಡಾಡುತ್ತವೆ. ಚಿಟ್ಟೆಯ ರೆಕ್ಕೆಯೊಂದು ಪರದೆಗೆ ಸೇರಿ ಹೊಲಿಗೆಯಾಗಿತ್ತು. ಕತ್ತರಿ ಹುಡುಕುತ್ತ ಒಳಗೆ ಹೋದವನು ಒಂದು ತಂಬಿಗೆ ನೀರು ಹಿಡಿದುಕೊಂಡು ಹೊರಗೆ ಬರುತ್ತಿದ್ದೆ, ಬಾಯಾರಿಕೆ ಇರುತ್ತಿರಲಿಲ್ಲ. ನೆನಪಿನ ವಿಷಯದಲ್ಲಿ ನನ್ನ ದಾಖಲೆ ಮೊದಲಿನಿಂದಲೂ ಚೆನ್ನಾಗಿಲ್ಲ. ಶರಾವತಿಗೆ ಸೇತುವೆ ಆಗುವ ಮೊದಲು ಅಪ್ಪನ ತೊಡೆಯ ಮೇಲೆ ಕೂತು ದೋಣಿಯಲ್ಲಿ ಹೊಳೆ ದಾಟಿದ್ದನ್ನು, ನೀರು ಕೆನ್ನೆಗೆ ಸಿಡಿದದ್ದನ್ನು, ನಾನು ಎಷ್ಟೋ ಜನರೆದುರು ಕಣ್ಣಿಗೆ ಕಟ್ಟುವಂತೆ ವರ್ಣಿಸಿದ್ದೇನೆ. ಒಮ್ಮೆ ಅಕ್ಕ ಪೂರ್ತಿ ಕೇಳಿ, "ಚಂದ ಹೇಳ್ತೆ ಮಾರಾಯಾ. ಆದ್ರೆ ತೊಡೆ ಮೇಲೆ ಕೂತದ್ದು ನಾನು. ನೀ ಹುಟ್ಟುವಾಗ ಬ್ರಿಜ್ಜಿನ ಮೇಲೆ ಬಸ್ಸು ಓಡ್ತಿತ್ತು" ಎಂದಳು. ಅಂದಿನಿಂದ ನನಗೆ ನನ್ನ ಮೇಲೆ ಅನುಮಾನ. ನೆನಪನ್ನು ಪ್ರಮಾಣವೆಂದು ಒಪ್ಪಬೇಡಿ ಎಂದು ಬೋರ್ಡಿನ ಮೇಲೆ ಬರೆದು ಕಲಿಸಿದವನೂ ನಾನೇ. ಮಕ್ಕಳು ಬರೆದುಕೊಂಡು ಪಾಸಾಗಿ ಹೋದರು. ನಾನು ಅನುಭವಿಸುತ್ತ ಉಳಿದೆ.

ಗ್ಯಾದರಿಂಗು ಮುಗಿಯಿತು. ಚಿಟ್ಟೆಗಳು ಹಾರಿದವು. ಕೌದಿಯೂ ಮುಗಿಯಿತು: ಮೇಲೆ ತುಂಡು ತುಂಡು ಬಣ್ಣ, ಒಳಗೆ ಮೆತ್ತನೆಯ ಹಳೆಯ ಬಟ್ಟೆಯ ಪದರ, ಅದರ ಮೇಲೆ ಈ ತುದಿಯಿಂದ ಆ ತುದಿಗೆ ಒತ್ತೊತ್ತಾಗಿ ಕೈಹೊಲಿಗೆಯ ಸಾಲು. ನನ್ನ ಬದುಕಿನಲ್ಲಿ ನಾನು ಪೂರ್ತಿ ಮುಗಿಸಿದ ಕೆಲಸಗಳು ಕಡಿಮೆ. ಇದನ್ನು ಮಡಚಿಟ್ಟು ದಿನಕ್ಕೆ ಎರಡು ಸಲ ಬಿಚ್ಚಿ ನೋಡುತ್ತಿದ್ದೆ. ಭಾನುವಾರ ತೊಟ್ಟಿಲ ಕಾರ್ಯ. ಶನಿವಾರ ಶಾಲೆ ಮುಗಿಸಿ ಮಧ್ಯಾಹ್ನಕ್ಕೇ ಬಂದ ಶೈಲಾ ಕಪಾಟು ತೆರೆದು ನಿಂತವಳು ಕೇಳಿದಳು.

"ಅಮ್ಮ ಕೊಟ್ಟ ಹಸಿರು ಸೀರೆ ಎಲ್ಲಿ?"

ಕೆಂಪು ಅಂಚಿನ ಹತ್ತಿ ಸೀರೆ. ಅವಳ ಅಮ್ಮ ತೀರಿಹೋಗುವ ಮೊದಲು ಕಡೆಯದಾಗಿ ಕೊಟ್ಟದ್ದು. ನಾಳೆ ಅದನ್ನೇ ಉಡುವುದು ಎಂದು ಅವಳು ವಾರದಿಂದ ಹೇಳುತ್ತಿದ್ದಳು.

"ನನಗೆಂತ ಗೊತ್ತು?"

"ಫಾಲು ಬಿಚ್ಚೋಗಿದೆ ಅಂತ ಇಲ್ಲೇ ಕುರ್ಚಿ ಮೇಲೆ ಇಟ್ಟಿದ್ದೆ. ನೀವು ಮನೇಲೇ ಇರ್ತೀರಲ್ಲ, ಹಚ್ಚಿಡ್ತೀರಿ ಅಂತ."

ಸ್ವಂತ ಹೆಂಡತಿಯ ಬಾಯಲ್ಲೂ ಅದೇ ಮಾತು! ನಾನು ಎಗರಿಬಿದ್ದೆ. ಈ ಮನೆಯಲ್ಲಿ ಒಂದು ವಸ್ತು ಇಟ್ಟಲ್ಲಿ ಇರುವುದಿಲ್ಲ ಎಂದೆ. ನನ್ನ ಹಸಿರು ಲುಂಗಿಯನ್ನು ನೀನು ಬಿಸಾಡಿದಾಗಲೂ ಹೀಗೇ ಆಯಿತು ಎಂದೆ. ಸೀರೆಯನ್ನು ನಾನು ಮುಟ್ಟಿಲ್ಲ, ಕತ್ತರಿಸಿಲ್ಲ, ನೋಡಿಯೂ ಇಲ್ಲ ಎಂದೆ. ಶೈಲಾ ಕಪಾಟಿನ ಬಾಗಿಲು ಮುಚ್ಚಿದಳು. ಕೌದಿಯನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಹಿಡಿದಳು. ಮೇಲಿನ ತುಂಡುಗಳ ನಡುವೆ, ತೆಳ್ಳಗಿನ ಬಿಳಿ ಚೂರೊಂದರ ಹಿಂದೆ, ಒಳಗಿನಿಂದ ಹಸಿರು ಕಂಡಿತು.

"ಇದೆಂತ ಹಸಿರು?"

ಇಲ್ಲಿ ನನ್ನ ವಿದ್ಯೆ ನನಗೆ ಕೈಕೊಟ್ಟಿತು. ಓದದ ಮನುಷ್ಯನಾಗಿದ್ದರೆ "ಸೀರೆಯಲ್ಲ" ಎಂದು ಗುಡುಗಿ ಸುಮ್ಮನಾಗುತ್ತಿದ್ದ. ನಾನು ಯೋಚಿಸಿದೆ. ಒಳಪದರಕ್ಕೆ ಹಸಿರು ಬಟ್ಟೆ ಹಾಸಿದ್ದು ನೆನಪಿತ್ತು, ಯಾವುದು ಎಂಬುದು ನೆನಪಿರಲಿಲ್ಲ. ಸೀರೆಗೆ ಕತ್ತರಿ ಹಾಕಿಲ್ಲ ಎಂಬುದು ಸ್ಪಷ್ಟವಾಗಿ ನೆನಪಿತ್ತು. ಆದರೆ ದೋಣಿಯೂ ಇಷ್ಟೇ ಸ್ಪಷ್ಟವಾಗಿತ್ತಲ್ಲ! ಯಮುನಕ್ಕ ಜಗಲಿಯಿಂದಲೇ ಇಣುಕಿದಳು. "ಕತ್ರಿಸ್ಹಾಕಿರ್ತ್ರಿ ಮಾಸ್ತರ್ರೆ. ಮೊನ್ನೆ ನನ್ನ ಚೀಲ ನಿಮ್ಮ ಪ್ಯಾಂಟಿಗೆ ಸೇರ್ಸಿ ಹೊಲ್ದಿರ್ಲಿಲ್ವಾ?" ನನ್ನ ಕಡೆ ಸಾಕ್ಷಿಯಿಲ್ಲ, ಅವರ ಕಡೆ ಪ್ಯಾಂಟು.

ಶೈಲಾ ಒಳಗೆ ಹೋಗಿ ಚಾ ಇಟ್ಟಳು. ಬೈದಿದ್ದರೆ ಜಗಳವಾಡಬಹುದಿತ್ತು. ಅವಳು ನನ್ನ ಲೋಟಕ್ಕೆ ಸಕ್ಕರೆ ಜಾಸ್ತಿ ಹಾಕಿ ತಂದಿಟ್ಟು, ಮುಖ ನೋಡದೆ, "ಇರ್ಲಿ ಬಿಡಿ. ಮಲಗೂದು ಮಗು ಅಲ್ದಾ, ಅಮ್ಮನ ಸೀರೆ ಮೇಲೇ ಮಲಗ್ಲಿ" ಎಂದಳು. ಆ ಒಳ್ಳೆಯತನವನ್ನು ಸಹಿಸಲು ನನ್ನಿಂದಾಗಲಿಲ್ಲ. ಬ್ಲೇಡು ತೆಗೆದುಕೊಂಡೆ. ಇಷ್ಟು ದಿನ ಕಣ್ಣು ಕಿರಿದು ಮಾಡಿಕೊಂಡು ಹಾಕಿದ ಹೊಲಿಗೆಯನ್ನು ಸಾಲು ಸಾಲಾಗಿ, ಹಲ್ಲು ಕಚ್ಚಿ, ಊರಿಗೂ ಕಾಲೇಜಿಗೂ ಎರಡನೇ ಕ್ಲಾಸಿಗೂ ಬೈಯುತ್ತ ಕಿತ್ತೆ. ಅಂಚು ಬಿಚ್ಚುವಾಗ ಮೊದಲು ನೆಲಕ್ಕೆ ಉದುರಿದ್ದು ಅಕ್ಕಿಕಾಳು. ಶೈಲಾ ಅದನ್ನು ನೋಡಿದಳು, ನನ್ನನ್ನು ನೋಡಿದಳು. ಯಾರೂ ಇಲ್ಲದಾಗ ಹಾಕಿದ್ದೆ.

ಆಮೇಲೆ ಹಸಿರು ಹೊರಬಂತು. ಅದು ಸೀರೆಯಾಗಿರಲಿಲ್ಲ.

"ಇದು ನಿಮ್ಮ ಲುಂಗಿ ಅಲ್ದಾ?" ಎಂದಳು ಶೈಲಾ. "ನಾ ಬಿಸಾಡಿದ್ದೆ ಅಂತ ಆವತ್ತು ಎಷ್ಟು ಕುಣಿದಿದ್ರಿ!"

ಲುಂಗಿಯ ವಿಷಯ ಬೇರೆ, ಈಗ ಸೀರೆಯ ಮಾತಾಡು ಎಂದು ನಾನು ಕೂಗಿದೆ. ನಾನು ಕತ್ತರಿಸಿಲ್ಲ ಎಂದಿದ್ದೆ, ಕತ್ತರಿಸಿಲ್ಲ. ಇದಕ್ಕೆ ಸಾಕ್ಷಿ ಇರಲಿ ಎಂದು ಲುಂಗಿಯನ್ನು ನೆಲದ ಮೇಲೆ ಹರವಿ ಮೊಬೈಲಿನಲ್ಲಿ ಫೋಟೊ ಹೊಡೆದೆ. ಮುಂದೆ ಯಾರೂ ಅನುಮಾನಿಸಬಾರದು, ನಾನಂತೂ ಅನುಮಾನಿಸಬಾರದು. ಶೈಲಾ ಮೊಬೈಲು ಇಸಿದುಕೊಂಡು ನೋಡಿದಳು. ಅವಳ ಬೆರಳು ತಾಗಿ ಹಿಂದಿನ ಫೋಟೊ ಬಂತು. ಗ್ಯಾದರಿಂಗಿನದು. ಸ್ಟೇಜಿನ ಮೇಲೆ ಸಾಲಾಗಿ ನಾನು ಹೊಲಿದ ರೆಕ್ಕೆಗಳ ಚಿಟ್ಟೆ ಮಕ್ಕಳು. ಅವರ ಹಿಂದೆ ಕಾಡು. ಕಾಡಿಗೆ ಕೆಂಪು ಅಂಚು.

"ಅಯ್ಯೋ ದೇವ್ರೆ," ಶೈಲಾ ಬಾಯಿಗೆ ಕೈ ಇಟ್ಟಳು. "ಸ್ಟೇಜಿಗೆ ಪರ್ದೆ ಸಾಲ್ಲಿಲ್ಲ ಅಂತ ಸೀರೆ ನಾನೇ ತಕಂಡೋಗಿದ್ದೆ. ಶಾಲೆ ಕಪಾಟಲ್ಲೇ ಅದೆ."

ನಾನು ಎದ್ದು ನಿಂತೆ. ಇಂಥ ಗಳಿಗೆ ನನ್ನಂಥವನ ಬದುಕಿನಲ್ಲಿ ಮತ್ತೆ ಬರುವುದಿಲ್ಲ. ವರ್ಷಗಳಿಂದ ತುಂಬಿಟ್ಟ ಸಿಟ್ಟಿನಲ್ಲಿ ಯಾವುದರಿಂದ ಆರಂಭಿಸಲಿ ಎಂದು ಆರಿಸುತ್ತಿದ್ದೆ. ಅಷ್ಟರಲ್ಲಿ ಅವಳು ತಲೆ ಎತ್ತಿದಳು.

"ಅಲ್ಲ ಮಾರಾಯ್ರೆ, ಈ ಫೋಟೊ ತೆಗ್ದೋರು ನೀವೇ ಅಲ್ದಾ? ಎದುರಿಗೇ ನಿಂತ್ಕಂಡಿದ್ರಿ. ಆಗ ಸೀರೆ ಕಾಣ್ಲಿಲ್ವಾ?"

ಕಾಣಲಿಲ್ಲ. ನಾನು ರೆಕ್ಕೆ ನೋಡುತ್ತಿದ್ದೆ.

"ಆತು, ಈಗ ಮಾತು ಸಾಕು," ಎಂದು ಯಮುನಕ್ಕ ಒಳಗೇ ಬಂದು ನೆಲದ ಮೇಲೆ ಕಾಲು ಚಾಚಿದಳು. "ದಾರ ಕೊಡಿ. ನಾಳೆ ಮಗಿನ್ನ ಬರೀ ಹಲ್ಗೆ ಮೇಲೆ ಹಾಕ್ತ್ರಾ?" ಮೂವರೂ ಮೂರು ಬದಿಯಿಂದ ಹೊಲಿಯಲು ಕೂತೆವು. ನನ್ನ ಸಾಲು ನೆಟ್ಟಗೆ, ಶೈಲಾಳದು ಅಕ್ಷರ ಬರೆದಂತೆ ದುಂಡಗೆ, ಯಮುನಕ್ಕನದು ಬಲೆ ಹೆಣೆದ ಹಾಗೆ. ನಡುವಿನಲ್ಲಿ ಮೂರೂ ಸೇರಿ ಒಂದು ಗುಡ್ಡವಾಯಿತು. ಕಡೆಯ ಬದಿ ಹೊಲಿಯುವ ಮೊದಲು ಶೈಲಾ ಅಡುಗೆಮನೆಯಿಂದ ನಾಲ್ಕು ಕಾಳು ತಂದು ನನ್ನ ಅಂಗೈಗೆ ಹಾಕಿದಳು. ನಾನು ಒಳಗೆ ಹಾಕಿದೆ. ಉಳಿದ ಅಂಚನ್ನು ಭಾನುವಾರ ಬೆಳಿಗ್ಗೆ, ಹೊರಡುವ ಅಂಗಿ ತೊಟ್ಟುಕೊಂಡೇ, ಬಸ್ಸಿನ ಹೊತ್ತಾಯಿತೆಂದು ಶೈಲಾ ಕೂಗುತ್ತಿರುವಾಗ ಮುಗಿಸಿದೆ.

ಬಸ್ಸು ಶರಾವತಿಯ ಸೇತುವೆಯ ಮೇಲೆ ಹೋಗುತ್ತಿತ್ತು. "ಸೂಜಿ ತೆಗ್ದಿದ್ರಿ ಅಲ್ಲ?" ಎಂದು ಶೈಲಾ ಕೇಳಿದಳು. ಇನ್ನು ಮುಂದೆ ನನ್ನ ನೆನಪನ್ನು ನಾನು ಅನುಮಾನಿಸುವುದಿಲ್ಲ ಎಂದು ನಿನ್ನೆಯಷ್ಟೇ ತೀರ್ಮಾನಿಸಿದ್ದೆನಾದ್ದರಿಂದ, "ತೆಗ್ದಿದ್ದೇನೆ" ಎಂದೆ. ಗಟ್ಟಿಯಾಗಿಯೇ ಎಂದೆ. ಕೆಳಗೆ ಹೊಳೆಯಲ್ಲಿ ಒಂದು ದೋಣಿ ಹೋಗುತ್ತಿತ್ತು. ಅದನ್ನು ನೋಡಿದ ಕೂಡಲೇ ಧೈರ್ಯ ಕುಸಿಯಿತು. ತೆಗೆದಿದ್ದೇನೆಯೇ? ತೆಗೆದು ಎಲ್ಲಿ ಚುಚ್ಚಿದೆ? ಕಾಯ್ಕಿಣಿ ಮುಟ್ಟುವವರೆಗೂ ಕೌದಿಯನ್ನು ತೊಡೆಯ ಮೇಲೆ ಹರವಿಕೊಂಡು ಅಂಗೈಯಲ್ಲಿ ಇಂಚು ಇಂಚಾಗಿ ಒತ್ತಿ ನೋಡಿದೆ. ಅಕ್ಕನ ಮನೆಯಲ್ಲಿ ಅದನ್ನು ತೊಟ್ಟಿಲಿಗೆ ಹಾಸಿದ ಮೇಲೂ ಬಗ್ಗಿ ಬಗ್ಗಿ ಒತ್ತಿದೆ. ಹೆಂಗಸರು ಹಾಡು ಹೇಳುತ್ತಿದ್ದರು. "ಮಾವಂಗೆ ಅವನ ಕೌದಿ ಮೇಲೆ ಎಷ್ಟು ಪ್ರೀತಿ ನೋಡಿ" ಎಂದು ಬಾಳಂತಿಯೇ ನಕ್ಕಳು. ಸೂಜಿ ಸಿಗಲಿಲ್ಲ. ಸಿಗಲಿಲ್ಲ ಎಂಬುದು, ಇಲ್ಲ ಎಂಬುದಕ್ಕೆ ಪ್ರಮಾಣವಲ್ಲ. ಅದನ್ನೂ ನಾನೇ ಕಲಿಸಿದ್ದೆ. ಅಷ್ಟರಲ್ಲಿ ಮಗುವನ್ನು ಅದರ ಮೇಲೆ ಮಲಗಿಸಿಯೂ ಆಯಿತು. ಇನ್ನು ತಡೆಯಲಾರೆ, ಕೌದಿಯನ್ನೇ ಎಳೆದು ತೆಗೆಯುವುದು ಎಂದುಕೊಂಡೆ. ಅದಕ್ಕಾಗಿ, ಮೊದಲು ಮಗುವನ್ನು ನಾನೇ ಎತ್ತಿಕೊಂಡು ಎದೆಗೆ ಒತ್ತಿಕೊಳ್ಳಲು ಕೈ ಚಾಚಿದೆ.

"ಏ ತಮ್ಮಾ, ಮುಟ್ಬೇಡ!" ಅಕ್ಕ ಚೀರಿದ ರಭಸಕ್ಕೆ ಹಾಡು ನಿಂತಿತು. "ಅಂಗಿ ನೋಡ್ಕ ಮಾರಾಯಾ, ಎದೆ ಮೇಲೆ ಸೂಜಿ ಅದೆ!"

ಇತ್ತು. ಜೇಬಿನ ಮೇಲೆ, ಹಸಿರು ದಾರದ ಸಮೇತ, ಮೊನೆ ಹೊರಗೆ ಮಾಡಿಕೊಂಡು. ಕೌದಿ ಸುರಕ್ಷಿತವಾಗಿತ್ತು, ತೊಟ್ಟಿಲು ಸುರಕ್ಷಿತವಾಗಿತ್ತು. ಆ ಇಡೀ ಮನೆಯಲ್ಲಿ ಮಗುವಿಗೆ ಚುಚ್ಚಬಹುದಾಗಿದ್ದ ವಸ್ತು ನಾನೊಬ್ಬನೇ. ಶೈಲಾ ಬಂದು ಸೂಜಿಯನ್ನು ಕಿತ್ತು ತನ್ನ ಪರ್ಸಿಗೆ ಹಾಕಿಕೊಂಡಳು. ಮಗು ನನ್ನ ಲುಂಗಿಯ ಮೇಲೆ ಮಲಗಿ ನಿದ್ದೆ ಹೋಯಿತು. ಸೂಜಿ ತೆಗೆದಿದ್ದೇನೆ ಎಂದು ನಾನು ಬಸ್ಸಿನಲ್ಲಿ ಹೇಳಿದ್ದು ನಿಜವೇ ಆಗಿತ್ತು ಎಂಬುದನ್ನು ಎಲ್ಲರ ಗಮನಕ್ಕೆ ತರಬೇಕೆಂದು ಬಾಯಿ ತೆರೆದೆ. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಅಕ್ಕ ಮಾತ್ರ ಊಟಕ್ಕೆ ಕೂರಿಸುವಾಗ ಪಕ್ಕಕ್ಕೆ ಕರೆದು ಹೇಳಿದಳು: "ಕೌದಿ ಚಂದ ಆಗದೆ. ನಂಗೂ ಒಂದು ಬೇಕಿತ್ತು. ನೀ ಹೇಗೂ ಮನೇಲೇ ಇರ್ತೆ."